ಎಂಬತ್ತು ಕಿಲೋಮೀಟರು ನೀರು

ಉರ್ಮಾಸನ ಮಂಚ ಕೆಳಗೆ, ನನ್ನದು ಮೇಲೆ.
ಹೆಲ್ಸಿಂಕಿಯ ಹೊರಗೆ, ವಂತಾದಲ್ಲಿ,
ನಾಲ್ಕು ಜನ ಗಾರೆಯವರಿಗೆ ಒಂದು ಕೋಣೆ, ಒಂದು ಕೆಟಲ್,
ಬಾಗಿಲ ಬಳಿ ಎಂಟು ಬೂಟುಗಳ ಸುಣ್ಣ.

ಬುಧವಾರ ಒಂಬತ್ತಕ್ಕೆ ಅವನು ಫೋನು ತೆರೆದ.
ವಿಲ್ಯಾಂದಿಯಲ್ಲಿ ಮಗಳು ಹೆಲ್ಮಿ
ಅದೇ ಹೊತ್ತಿಗೆ ಟೀವಿ ಹಚ್ಚಿದ್ದಳು.
ಕರಾರು ಹಾಗಿತ್ತು: ವಾರಕ್ಕೊಂದು ಕಂತು,
ಇಬ್ಬರೂ ಒಟ್ಟಿಗೆ, ಯಾರೂ ಮುಂದೋಡುವ ಹಾಗಿಲ್ಲ.
ಅವಳಿಗೆ ದೀಪಸ್ತಂಭ ಬಂತು, ಅಲೆ ಬಂತು, ಹೆಸರುಗಳು ಬಂದವು.
ಇವನಿಗೆ ಬೂದು ಪರದೆಯ ಮೇಲೆ ಒಂದು ಸಾಲು:
ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.

ಯಾವುದಯ್ಯಾ ನನ್ನ ಪ್ರದೇಶ, ಎಂದ ಉರ್ಮಾಸ್,
ನನ್ನನ್ನಲ್ಲ, ಪರದೆಯನ್ನು.
ಸಂಬಳದ ಕಾರ್ಡು ಫಿನ್ಲೆಂಡಿನದು,
ಹಾಗಾಗಿ ಅವನ ಪಾಲಿನ ಪಟ್ಟಿಯೂ ಅಲ್ಲಿಯದೇ:
ಕೊಲೆಗಳು ಬೇಕಾದಷ್ಟು, ಅಡುಗೆ ಸ್ಪರ್ಧೆ ಮೂರು,
ದೀಪಸ್ತಂಭ ಮಾತ್ರ ಇಲ್ಲ.

ನಡುವೆ ಇರುವುದು ಎಂಬತ್ತು ಕಿಲೋಮೀಟರು ನೀರು.
ಹಡಗಿಗೆ ಎರಡು ಗಂಟೆ,
ಒಂದು ಬಿಯರು, ಒಂದು ಕೋಳಿನಿದ್ದೆ, ದಡ.
ಗಡಿಯಾರ ಒಂದೇ, ದುಡ್ಡು ಒಂದೇ,
ಭಾಷೆಗಳಂತೂ ದಾಯಾದಿಗಳು,
ಅರ್ಧ ಅರ್ಥವಾಗಿ ಪೂರ್ತಿ ಜಗಳ.
ಕತೆಗೆ ಕಾಲಿಲ್ಲ ಅನ್ನುತ್ತಾರೆ.
ಕಾಲಿಲ್ಲದ್ದನ್ನೂ ಬಂದರಿನಲ್ಲಿ ತಡೆದು
ನಿನ್ನದು ಯಾವೂರು ಎಂದು ಕೇಳುವವರಿದ್ದಾರೆ.

‘ಬಿಡು ಅಪ್ಪ, ನಾನೇ ಹೇಳ್ತೀನಿ’
ಹನ್ನೊಂದರ ಹುಡುಗಿ, ಮೂಗು ಕಟ್ಟಿದ ದನಿ.
ಉರ್ಮಾಸ್ ಸ್ಪೀಕರು ಹಾಕಿದ.
ದ್ವೀಪದಲ್ಲೊಬ್ಬ ದೀಪ ಕಾಯುವ ಮುದುಕ,
ಎಡಗಿವಿ ಮಂದ,
ಅವನಿಗೊಂದು ನಾಯಿ, ಬಾಲ ಅರ್ಧ.
ಮಂಜು ಕವಿಯುವ ಮುನ್ನಾದಿನವೇ
ಆ ನಾಯಿ ಹೋಗಿ ಗಂಟೆಯ ಹಗ್ಗ ಕಚ್ಚುತ್ತದೆ.

ಆ ಚಳಿಗಾಲವನ್ನು ನಾವು ಹೂಂಗುಟ್ಟಿಯೇ ಕಳೆದೆವು.
ಬುಧವಾರ ಯಾರೂ ಹೆಚ್ಚಿನ ಪಾಳಿ ಒಪ್ಪುತ್ತಿರಲಿಲ್ಲ.
ಲಾಟ್ವಿಯಾದ ಗುಂಟಿಸ್, ನಮ್ಮ ಮಾತು ಬಾರದವನು,
ಆಲೂಗಡ್ಡೆ ಸುಲಿಯುತ್ತಾ ಕೂತು
ನಾಯಿ ಬಂದಾಗ ಮಾತ್ರ
ಸರಿಯಾದ ಜಾಗದಲ್ಲಿ ನಗುತ್ತಿದ್ದ.

ಫೆಬ್ರವರಿಯಲ್ಲಿ ನನಗೆ ಹಲ್ಲು ನೋವು.
ಇಲ್ಲಿ ಕೀಳಿಸುವ ದುಡ್ಡಿಗೆ ಅಲ್ಲಿ ಮೂರು ಕೀಳಿಸಬಹುದೆಂದು
ಹಡಗು ಹತ್ತಿ ಟಾಲಿನ್ನಿನಲ್ಲಿ ತಂಗಿಯ ಮನೆಗೆ ಹೋದೆ.
ಊದಿದ ಕೆನ್ನೆಗೆ ಐಸು ಒತ್ತಿಕೊಂಡು
ಒಂದೇ ರಾತ್ರಿ ಏಳೂ ಕಂತು ನೋಡಿದೆ.

ಮುದುಕ ಎರಡನೆಯದರಲ್ಲೇ ಮುಳುಗಿ ಸಾಯುತ್ತಾನೆ.
ಆಮೇಲೆಲ್ಲ ವಿಮೆ, ಉಯಿಲು, ನಿಟ್ಟುಸಿರಿಡುವ ಪೊಲೀಸಿನವಳು.
ಹೆಲ್ಮಿಯ ಏಳನೆಯದರಲ್ಲಿ ಅವನು
ದಡದ ಮಗಳ ಮನೆಗೆ ಹೋಗಲೆಂದು
ದೋಣಿಗೆ ಹಲಗೆ ಕೂಡಿಸುತ್ತಿದ್ದ.
ಆಗಲೇ ಹದಿನಾಲ್ಕು ಹಲಗೆ.
ನಾಯಿ?
ನಾಯಿ ಎಲ್ಲೂ ಇಲ್ಲ. ಹಿಂದಕ್ಕೆ ತಿರುಗಿಸಿ ಹುಡುಕಿದೆ,
ಅಡುಗೆಮನೆಯಲ್ಲಿ, ಮೆಟ್ಟಿಲ ಕೆಳಗೆ.
ಒಂದು ಬಟ್ಟಲೂ ಇಲ್ಲ.

ಮರಳುವ ಹಡಗಿನಲ್ಲಿ, ನಡುಗಡಲಲ್ಲಿ,
ಫೋನಿಗೆ ಯಾವ ದೇಶವೂ ಸಿಗಲಿಲ್ಲ.
ಹೇಳಲೇ ಬೇಡವೇ ಎಂದು
ಕಿತ್ತ ಹಲ್ಲಿನ ಗುಳಿಯಲ್ಲಿ ನಾಲಗೆ ಆಡಿಸುತ್ತಾ ಕೂತೆ.

ಮಂಚ ಹತ್ತುವ ಮುಂಚೆ ಬಾಯಿ ತೆರೆದೆ:
‘ಉರ್ಮಾಸ್, ಆ ಮುದುಕ...’
‘ಕ್ರಿಸ್‌ಮಸ್ಸಿಗೆ ಹೋದಾಗ ನೋಡಿದೆ,’ ಎಂದ ಅವನು,
‘ಅವಳು ಮಲಗಿದ ಮೇಲೆ.’
ಬೂಟಿನ ದಾರ ಬಿಚ್ಚುವುದರಲ್ಲೇ ಇದ್ದ.

ಬುಧವಾರ. ಒಂಬತ್ತು.
ಹದಿನೈದನೆಯ ಹಲಗೆ ಸೀಳಿದೆ, ಬೇರೆ ಮರ ಬೇಕು.
ಕೆಳಗಿನ ಮಂಚ ಹೂಂ ಎಂದಿತು.
ನಾನು ಮೇಲಿನಿಂದ ಬಗ್ಗಿ ಫೋನಿಗೆ ಕೂಗಿದೆ:
‘ಆ ನಾಯಿ ಏನು ತಿನ್ನುತ್ತೆ ಹೆಲ್ಮಿ?’

ಸ್ವಲ್ಪ ಹೊತ್ತು ಬರೀ ಉಸಿರು.
ಕುರ್ಚಿ ಎಳೆದ ಸದ್ದು.
‘ತಾಳಿ ಮಾಮ,
ನೋಡಿ ಹೇಳ್ತೀನಿ.’